ಎರಡನೇ ಬಿಸಿ

ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ
ಕೋಡಿಬಾಗದ ನಮ್ಮ ಬೇಕರಿಯಲ್ಲಿ ಪಾವು ಮಧ್ಯಾಹ್ನಕ್ಕೇ ಮುಗಿಯುತ್ತದೆ.
ಅಪ್ಪ ಗಾಳಿಮರದ ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ
ಭಟ್ಟಿಯೊಳಗೆ ಚಿಟಿಕೆ ಮೈದಾ ಎರಚುತ್ತಾನೆ.
ಹತ್ತು ಎಣಿಸುವಷ್ಟರಲ್ಲಿ ಕಪ್ಪಾದರೆ ಇನ್ನೂ ಸಿಟ್ಟಿದೆ.
ಇಪ್ಪತ್ತಕ್ಕೆ ಕೆಂಪಾದರೆ, ತನ್ನಿ.

ಮೊದಲ ಬಿಸಿ ಪಾವಿಗೆ,
ಎರಡನೆಯದು ಊರಿಗೆ.

ಊರು ಬರುತ್ತದೆ ಟ್ರೇ ಹೊತ್ತು,
ಸೈಕಲ್ ಕ್ಯಾರಿಯರಿಗೆ ಬಿಗಿದು,
ಒಬ್ಬಳು ಆಟೋದಲ್ಲಿ,
"ನಿಧಾನ ಮಾರಾಯಾ, ರಸ ಚೆಲ್ಲೀತು" ಎನ್ನುತ್ತ.

ಪರ್ಪೆತಿನ್ ಬಾಯಿಯ ಬಾತುಕೋಳಿ, ಹೊಟ್ಟೆಗೆ ನೀಲಿ ದಾರದ ಹೊಲಿಗೆ,
ಮೊಮ್ಮಗನ ಸಮವಸ್ತ್ರದ ಗುಂಡಿಗೂ ಅದೇ ದಾರ.
ನರ್ಸ್ ಲುದ್ವಿನಳ ಹಂದಿ ತೊಡೆ,
ಚರ್ಮದ ಮೇಲೆ ಚೌಕ ಚೌಕ ಗೀರು, ಒಂದೂ ಸೊಟ್ಟಗಿಲ್ಲ.
ಬಂದರು ಆಫೀಸಿನ ಮಹಾಲೆಯವರದು ಗೆಣಸು, ಬದನೆ,
ಮಾಡಿಗೆ ತೂಗಿಟ್ಟ ಕುಮಟೆ ಈರುಳ್ಳಿಯ ಕೊನೇ ಗೊಂಚಲು.
"ಮೂಲೇಲಿ ಇಡು ಹುಡುಗಿ, ಯಾವುದರ ಎಣ್ಣೇನೂ ಸಿಡೀಬಾರದು."
ಕಾಲು ತಾಸಿಗೆ ಅವರೇ ಬಾಗಿಲಲ್ಲಿ ನಿಂತು
ಬಾತಿನ ಗಾಳಿ ಕುಡಿಯುತ್ತಾರೆ, ಕಣ್ಣು ಮುಚ್ಚಿ.

ಸೋಡಾ ಬಿರಡೆಗೆ ಮೊಳೆಯಿಂದ ಅಂಕಿ ಕೊರೆಯುವುದು ನನ್ನ ಕೆಲಸ.
ಜೋಡಿ ಬಿರಡೆ: ಒಂದು ತಂತಿಯಲ್ಲಿ ಟ್ರೇಗೆ, ಒಂದು ಕೈಗೆ.
ಏಳು, ಬಸ್ತ್ಯಾಂವ್.
ಹತ್ತೊಂಬತ್ತು, ಕಾಯ್ತಾನ್.
ದೋಣಿಯ ಎಂಜಿನ್ ಮಾರಿದ ದುಡ್ಡು ಯಾವ ಜೇಬಿಗೆ ಹೋಯಿತೆಂದು
ಆರು ವರ್ಷದಿಂದ ಇಗರ್ಜಿಯಲ್ಲಿ ಅಣ್ಣ ತಮ್ಮ ಬೇರೆ ಬೇರೆ ಬೆಂಚು.
ಟ್ರೇ ಮಾತ್ರ ಒಂದೇ ಅಚ್ಚಿನವು,
ಎಸ್ಪೆರಾನ್ಸ್ ಮಾಯ್ ಒಂದೇ ಸಂತೆಯಲ್ಲಿ ಚೌಕಾಶಿ ಮಾಡಿ ತಂದವು.
ಎರಡೂ ಕೋಳಿಯ ಹೊಟ್ಟೆಯೊಳಗೆ ಅವಳದೇ ಲೆಕ್ಕ:
ಹಳೇ ಪಾವಿನ ಪುಡಿ, ಗೇರುಬೀಜ, ಕೊಚ್ಚಿದ ಲಿವರು, ಎರಡು ಸೋಲ.

ಹೋದ ವರ್ಷ, ನಡುರಾತ್ರಿ ಪೂಜೆಯ ಮೊದಲ ಗಂಟೆಗೆ,
ಬಿಸಿಗೆ ಎರಡು ತಂತಿ ಬಿಚ್ಚಿಹೋಗಿದ್ದವು.
ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಕಟ್ಟಿದೆ.
ಅಪ್ಪ ಆಮೇಲೆ ಬೈದ. ಹೊಗೆ, ಕಣ್ಣುರಿ, ಎಂದೆ.

ಹಬ್ಬದ ಮರುದಿನ ಬಿರಡೆ ಮರಳಿಸಲು ಬಸ್ತ್ಯಾಂವ್ ಬಂದ.
"ಅದು ನಮ್ಮದಲ್ಲ."
"ತಿಂದಾಯ್ತಲ್ಲ?"
"ತಿಂದಾಯ್ತು." ಸ್ವಲ್ಪ ಹೊತ್ತು ನಿಂತ.
"ಖಾರ ಸುರೀತಾನೆ ಅವನು. ನನ್ನ ಹೊಟ್ಟೆಗೆ ಆಗೂದಿಲ್ಲ.
ಮಾಯ್ ಇಷ್ಟು ಹಾಕ್ತಿರಲಿಲ್ಲ."
ಇದನ್ನು ಅವನು ನನಗೆ ಹೇಳಲಿಲ್ಲ,
ಪಾವಿನ ಕಪಾಟಿಗೆ ಹೇಳಿದ. ಕಪಾಟಿನಾಚೆ
ಅಪ್ಪನ ಹತ್ತಿರ ಕಾಯ್ತಾನನ ಹೆಂಡತಿ ಯೀಸ್ಟು ಕೇಳುತ್ತಿದ್ದಳು.
ಸಂಜೆ ಕಾಯ್ತಾನ್ ಬಂದವನು ಏನೂ ಅನ್ನಲಿಲ್ಲ.
ಹತ್ತು ರೂಪಾಯಿ ಹೆಚ್ಚಿಗೆ ಇಟ್ಟ,
ಚಿಲ್ಲರೆ ಕೊಡಹೋದರೆ ಬೇಡ ಎಂದ.

ಇಂದು ಮತ್ತೆ ಎರಡೂ ಟ್ರೇ ಬಂದಿವೆ.
ಹತ್ತೊಂಬತ್ತರ ಎಲೆ ಸರಿಸಿ ನೋಡುತ್ತೇನೆ:
ಮಸಾಲೆ ಪೇಲವ, ಮೆಣಸಿಗೆ ಜ್ವರ ಬಂದ ಹಾಗೆ.
ಕಾಯ್ತಾನನ ಕೈಯೇ ಇದು?
ಏಳರ ಅಂಚಿಗೆ, ಬಿಸಿ ಜಾಸ್ತಿ ಬಡಿಯುವಲ್ಲಿ,
ಸಿಪ್ಪೆ ಸಮೇತ ಎರಡು ಗೆಣಸು ತುರುಕಿದ್ದಾರೆ.
ಕರಕಾಗಲಿ ಅಂತಲೇ.
ಬಸ್ತ್ಯಾಂವನ ಮನೆಯಲ್ಲಿ ಕರಕು ಯಾರೂ ಮುಟ್ಟುವುದಿಲ್ಲ.
ಶಾಲೆ ಬಿಟ್ಟು ಬರುತ್ತ ಈ ಭಟ್ಟಿಯ ಬೂದಿ ಕೆದಕಿ
ಸುಟ್ಟ ಗೆಣಸು ಕದ್ದು, ತುಟಿ ಮಸಿ ಮಾಡಿಕೊಂಡು ಓಡುತ್ತಿದ್ದವನು
ತಮ್ಮ, ಎಂದು ಅಪ್ಪ ಎಷ್ಟು ಸಲ ನಕ್ಕಿಲ್ಲ.

ಬಿರಡೆ ಕೊಡುವಾಗ ಒಬ್ಬ ಚಪ್ಪಲಿ ನೋಡಿಕೊಂಡ,
ಇನ್ನೊಬ್ಬ ಗೋಡೆಯ ಹಳೇ ಕ್ಯಾಲೆಂಡರ್ ಓದಿದ.
ನನ್ನ ಕೈಯನ್ನು ಇಬ್ಬರೂ ನೋಡಲಿಲ್ಲ.

ಗಂಟೆ ಬಡಿಯುತ್ತಿದೆ. ಅಪ್ಪ ಮೊರದಷ್ಟಗಲದ ಹಲಗೆಯಲ್ಲಿ
ಒಂದೊಂದೇ ಹೊರಗೆಳೆಯುತ್ತಾನೆ, ಕೊಬ್ಬು ಇನ್ನೂ ಚುರುಗುಡುತ್ತಿದೆ.
ಈ ಸಲ ಹೊಗೆಯಿಲ್ಲ. ತಂತಿಗಳೂ ಭದ್ರ.
ಇಕ್ಕಳ ತಗೊಂಡು ನಾನೇ ಬಿಚ್ಚುತ್ತೇನೆ,
ಏಳನ್ನು ಹತ್ತೊಂಬತ್ತಕ್ಕೆ, ಹತ್ತೊಂಬತ್ತನ್ನು ಏಳಕ್ಕೆ,
ಯಾರ ಬೆರಳಿಗೂ ಚುಚ್ಚದ ಹಾಗೆ
ತುದಿ ಒಳಗೆ ಮಡಚಿ.