ಮಾತು ಕೊಡದವಳು

ಬ್ಯೂಮಾಂಟಿನ ಮಣ್ಣು ಆಗಸ್ಟಿನಲ್ಲಿ ಇಟ್ಟಿಗೆ.
ಫಲಕದ ತಂತಿಕಾಲು ಒಳಗಿಳಿಯಬೇಕಾದರೆ
ಮೊದಲು ಉದ್ದ ಮೊಳೆ ಹೊಡೆದು, ಕಿತ್ತು,
ದಾರಿ ಮಾಡಿಕೊಡಬೇಕು.
ಮೂವತ್ತೊಂದು ವರ್ಷ ರಿಫೈನರಿಯಲ್ಲಿ ಪೈಪು ಕೂಡಿಸಿದ ಕೈ
ಈಗ ಹೆಂಡತಿಯ ಹೆಸರನ್ನು
ಕಂಡವರ ಹುಲ್ಲಿನಲ್ಲಿ ನೆಡುತ್ತಿದೆ.
ಕೆಂಪಿರುವೆಗಳಿಗೆ ಯಾವ ಪಕ್ಷವೂ ಆಗದು.

ಒಡೆಟ್ ಗಿಲೋರಿ, ಕ್ರಿಮಿನಲ್ ಕೋರ್ಟಿನ ಜಡ್ಜ್ ಸ್ಥಾನಕ್ಕೆ.
ನೀಲಿಯ ಮೇಲೆ ಬಿಳಿ ಅಕ್ಷರ, ಅಷ್ಟೇ.
ತಕ್ಕಡಿಯ ಚಿತ್ರ ಹಾಕಿಸೋಣ ಅಂದೆ.
ಬೇಡ, ದಿನಸಿ ಅಂಗಡಿ ಅಂದುಕೊಳ್ಳುತ್ತಾರೆ, ಅಂದಳು.

ಉಳಿದವರಿಗೆ ಸುಲಭ.
ಕಮಿಷನರ್ ಆಗುವವನು ರಸ್ತೆ ಕೊಡುತ್ತೇನೆ ಅನ್ನಬಹುದು,
ಶೆರೀಫ್ ಆಗುವವನು ನಿದ್ದೆ ಕೊಡುತ್ತೇನೆ ಅನ್ನಬಹುದು.
ಜಡ್ಜ್ ಆಗುವವಳು ಯಾರನ್ನು ಬಿಡುತ್ತೇನೆ,
ಯಾರನ್ನು ಒಳಗೆ ಹಾಕುತ್ತೇನೆ ಎಂದು ಬಾಯಿ ಬಿಡುವಂತಿಲ್ಲ.
ಬಾಗಿಲು ಬಾಗಿಲಿಗೆ ನಿಂತು
ಏನನ್ನೂ ಕೊಡುವುದಿಲ್ಲ ಎಂದು ಹೇಳಿ
ಓಟು ಕೇಳುತ್ತಾಳೆ.
ನನ್ನ ಅವ್ವ ಇದ್ದಿದ್ದರೆ ನಕ್ಕು ನಕ್ಕು ಸಾಯುತ್ತಿದ್ದಳು.

ಎದುರಾಳಿ ಟಿವಿಯಲ್ಲಿ ಕೈಕೋಳ ಕುಲುಕಿಸುತ್ತಾನೆ.
'ಇಪ್ಪತ್ತೆರಡು ವರ್ಷ ಕಳ್ಳರ ಪರ ನಿಂತವಳು'
ಎಂದು ಅಚ್ಚು ಹಾಕಿಸಿ ಮನೆಮನೆಗೆ ಅಂಚೆಯಲ್ಲಿ ಕಳಿಸಿದ್ದಾನೆ,
ನಮ್ಮ ಮನೆಗೂ ಒಂದು.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ:
ಫೋಟೋ ಪರವಾಗಿಲ್ಲ, ತೆಳ್ಳಗೆ ಕಾಣುತ್ತೇನೆ.

ಮತಪತ್ರವೋ ಹನುಮನ ಬಾಲ.
ಮೇಲಿನ ದೊಡ್ಡವರನ್ನೆಲ್ಲ ದಾಟಿ
ಇವಳ ಸಾಲಿಗೆ ಬರುವಷ್ಟರಲ್ಲಿ
ಜನರ ಬೆರಳು ಸೋತಿರುತ್ತದೆ.
ಚರ್ಚಿನ ಅಂಗಳದಲ್ಲಿ ಮೀನು ಕರಿಯುತ್ತಾ ನಾನು
ತಟ್ಟೆ ತಟ್ಟೆಗೂ ಹೇಳುತ್ತೇನೆ: ಕೊನೆಯ ಪುಟ,
ದಯವಿಟ್ಟು, ಕೊನೆಯ ಪುಟ.

ಶನಿವಾರ ಮಧ್ಯಾಹ್ನ ಮಿಸ್ ಅರ್ಲೀನ್ ಮನೆ.
ಫಲಕ ಹಾಕಿ, ಎರಡು ಹಾಕಿ ಎಂದು
ಐಸು ಹಾಕಿದ ಚಹಾ ತಂದರು.
ಮೊಳೆ ಹೊಡೆದೆ, ಕಾಲು ಇಳಿಸಿದೆ, ನೆಟ್ಟಗೆ ನಿಂತಿತು.
ಆಮೇಲೆ, ಲೋಟ ತಿರುಗಿ ಕೊಡುವಾಗ,
ಅವರು ಒಡೆಟ್‌ಳ ಮುಂಗೈ ಹಿಡಿದುಕೊಂಡರು:
ನನ್ನ ಮೊಮ್ಮಗನ ಕೇಸು ಅದೇ ಕೋರ್ಟಿನಲ್ಲಿದೆ.
ಹತ್ತೊಂಬತ್ತು ವರ್ಷ. ನೀನು ಬಂದರೆ
ಹುಡುಗ ಮನೆಗೆ ಬರುತ್ತಾನಲ್ಲ?

ಫ್ಯಾನು ತಿರುಗುತ್ತಿತ್ತು. ಅದರದೊಂದೇ ಸದ್ದು.
ಒಡೆಟ್ ಕೈ ಬಿಡಿಸಿಕೊಳ್ಳಲಿಲ್ಲ,
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಆ ಹುಡುಗನ ಹೆಸರು ಕೂಡ ಕೇಳಲಿಲ್ಲ.
ನನ್ನ ಕಡೆ ತಿರುಗಿ,
ಕೀಳು, ಅಂದಳು.

ಕಿತ್ತೆ. ಹುಲ್ಲಿನಲ್ಲಿ ಎರಡು ತೂತು ಉಳಿದವು,
ಹಾವು ಕಚ್ಚಿದ ಗುರುತಿನಷ್ಟು ದೂರದೂರ ಅಲ್ಲ,
ಹನ್ನೊಂದು ಇಂಚು, ನನಗೆ ಅಳತೆ ಗೊತ್ತು.
ಮಿಸ್ ಅರ್ಲೀನ್ ಜಾಲರಿ ಬಾಗಿಲು ಹಾಕಿಕೊಂಡರು,
ಬಡಿಯಲಿಲ್ಲ, ಬರಿದೆ ಹಾಕಿಕೊಂಡರು.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದೆ,
ಗಂಡನಾಗಿ ಕೇಳಿದೆ, ಊರಿಗೆ ಹೇಳುವುದಿಲ್ಲ ಅಂದೆ:
ಬಿಡುತ್ತಿದ್ದೆಯಾ ಆ ಹುಡುಗನನ್ನ?
ಬಹಳ ಹೊತ್ತು ಸುಮ್ಮನಿದ್ದಳು.
ಮಲಗಿದಳೇನೋ ಅಂದುಕೊಂಡೆ.
ಕೇಸು ಕೇಳಿಲ್ಲವಲ್ಲ ಇನ್ನೂ, ಅಂದಳು ಕತ್ತಲಿಗೆ,
ಆಚೆ ಮಗ್ಗುಲಾದಳು.

ಟ್ರಕ್ಕಿನಲ್ಲಿ ಅರವತ್ತೆರಡು ಫಲಕ ಬಾಕಿ.
ನಾಳೆ ರೈಲು ಹಳಿಯ ಆಚೆ ಓಣಿ.
ಒಂದನ್ನು ಮಾತ್ರ ಬೇರೆ ಇಟ್ಟಿದ್ದೇನೆ,
ಅದರ ಕಾಲಿಗೆ ಇನ್ನೂ ಮಣ್ಣು.