ಒಂದು ಹಲ್ಲು

ಹಲ್ಲಿದ್ದಾಗ ಕಡಲೆ ಇರಲಿಲ್ಲ.
ಐವತ್ತೆರಡಕ್ಕೆ ಸಿಕ್ಕಿತು ಕಡಲೆ: ಎರಡೇ ಸೀಟಿನ ಕೆಂಪು ಕಾರು,
ಬ್ಯಾಂಕಿನವರು ಯಾರಿಂದಲೋ ಎಳೆದು ತಂದು ಹರಾಜಿಗಿಟ್ಟದ್ದು.
ಅಗ್ರಹಾರದ ಲೇಡೀಸ್ ಟೈಲರಿಗೆ ಇದೇಕೆ ಎಂದರು ಬೀದಿಯವರು.
ನಾನೇನೂ ಹೇಳಲಿಲ್ಲ. ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ
ರಿಂಗ್ ರೋಡು ಪೂರ್ತಿ ಒಂದು ಸುತ್ತು ಹಾಕಿ ಬಂದೆ.
ಬಂದು ಮೂರು ಬ್ಲೌಸು ಹೊಲಿದೆ,
ಒಂದರ ತೋಳೂ ತಪ್ಪಲಿಲ್ಲ.

ಹೊಗೆ ನೀಲಿಯಾದಾಗ ಹೂಟಗಳ್ಳಿಯ ಶಿವನಂಜುವಿಗೆ ಕೊಟ್ಟೆ.
"ಪೂರ್ತಿ ಬಿಚ್ಚಬೇಕು ಟೈಲರ್ ಸಾರ್. ರಿಂಗು, ಬೇರಿಂಗು, ಹೆಡ್ಡು.
ಹದಿನೈದು ದಿನ."
ಹದಿನೈದು ದಿನ ಎಂದರೆ ಆಷಾಢ ಕಳೆದು, ಶ್ರಾವಣ ಕಳೆದು,
ದಸರಾ ಬಲ್ಬು ಕಟ್ಟುವವರು ಸರ್ಕಲ್ಲಿನಲ್ಲಿ ಏಣಿ ಹಾಕುವವರೆಗೆ.
ಫೋನು ಮಾಡಿದರೆ, "ಪಾರ್ಟು ಕೊಯಮತ್ತೂರಿಂದ ಹೊರಟಿದೆ ಸಾರ್."
ಮೂರು ಸಲ ಹೊರಟಿತು ಆ ಪಾರ್ಟು.
ನಡೆದುಕೊಂಡೇ ಬರುತ್ತಿರಬೇಕು,
ದಿಂಬಂ ತಿರುವುಗಳಲ್ಲಿ ಅಲ್ಲಲ್ಲಿ ದಣಿದು ಕೂತು.

ಕೊನೆಗೆ ಬಂತು ಕಾರು. ತೊಳೆದು, ಕುಂಕುಮವಿಟ್ಟು,
ಚಕ್ರಕ್ಕೊಂದೊಂದು ನಿಂಬೆಹಣ್ಣು.
ಬಿಲ್ಲು ಒಂದು ಲಕ್ಷದ ಎಂಬತ್ತೆಂಟು ಸಾವಿರ,
ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಯಾರದೋ ಟೀ ಲೆಕ್ಕ.
ಬೋಗಾದಿ ಸಿಗ್ನಲ್ಲಿಗೂ ಮೊದಲೇ ಒಳಗಿನಿಂದ
ಮೊರದಲ್ಲಿ ಕಲ್ಲು ಕೇರಿದ ಸದ್ದು.
ಆಮೇಲೆ ಯಾವ ಸದ್ದೂ ಇಲ್ಲ.
ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನ ಹಾರ್ನು ಮಾತ್ರ.

"ಹಳೇ ಇಂಜಿನ್ನು ಸಾರ್," ಎಂದ ಶಿವನಂಜು.
"ನೀವು ಸ್ವಲ್ಪ ಎಳೆದುಬಿಟ್ಟಿರಿ."
ನಲವತ್ತು ದಾಟಿರಲಿಲ್ಲ ಮುಳ್ಳು.
ಕೂಗಲೆಂದು ಬಾಯಿ ತೆರೆದೆ,
ತೆರೆದ ಬಾಯಿ ಹಾಗೇ ಉಳಿಯಿತು. ಏಕೆಂದರೆ
ಆ ದನಿ ನನಗೆ ಗೊತ್ತು. ತಗ್ಗಿದ, ಬೆಲ್ಲ ಹಚ್ಚಿದ,
ತಾನೇ ನೊಂದಂತಿರುವ ದನಿ.
ಅದೇ ದನಿಯಲ್ಲಿ ಸರಸ್ವತಿಪುರಂ ಮದುಮಗಳಿಗೆ
ನಾನು ಹೇಳಿದ್ದೆ, ಮುಹೂರ್ತದ ಹಿಂದಿನ ಸಂಜೆ:
"ಬಟ್ಟೆ ಕುಗ್ಗಿದೆ ಅಮ್ಮಾ. ಇಲ್ಲಾ, ನೀವೇ ಸ್ವಲ್ಪ ಮೈ ಬಂದಿದ್ದೀರಿ."
ಅರ್ಧ ಇಂಚು ತಪ್ಪಿದ್ದು ಕತ್ತರಿಗೆ ಗೊತ್ತಿತ್ತು.
ಕಾಜಾ ಹಾಕುವ ಹುಡುಗನಿಗೂ ಗೊತ್ತಿತ್ತು,
ಅವನ ಬಾಯನ್ನು ಕಣ್ಣಲ್ಲೇ ಹೊಲಿದುಬಿಟ್ಟೆ.
ಅವಳು ಕನ್ನಡಿಯಲ್ಲಿ ತನ್ನ ತೋಳನ್ನೇ ಬೈದುಕೊಂಡಳು.

ನಲ್ಲಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈ ತಿಕ್ಕುತ್ತಿದ್ದ ಚೆಲುವರಾಜು,
ಹತ್ತೊಂಬತ್ತೂ ತುಂಬಿರಲಿಕ್ಕಿಲ್ಲ, ತಲೆ ಎತ್ತದೆ ಹೇಳಿದ:
"ಟೈಮಿಂಗ್ ಬೆಲ್ಟು ಒಂದು ಹಲ್ಲು ಆಚೆ ಕೂತಿತ್ತು ಅಣ್ಣಾ.
ಓಡ್ತಾ ಓಡ್ತಾ ಇನ್ನೂ ಜಾರಿರಬೇಕು.
ನಾನೇ ಹಾಕಿದ್ದು. ಕರೆಂಟು ಹೋಗಿತ್ತು.
ಮೊಬೈಲು ಬಾಯಲ್ಲಿ ಕಚ್ಚಿಕೊಂಡು ಹಾಕಿದೆ."

ನೀರು ಕಪ್ಪಾಗಿ ಹರಿಯುತ್ತಿತ್ತು.
ಶಿವನಂಜು ಅವನನ್ನು ನೋಡಿದ.
ಆ ನೋಟವೂ ನನಗೆ ಗೊತ್ತಿತ್ತು.

ದುಡ್ಡು ಬಿಡಲಿಲ್ಲ ನಾನು, ಅಷ್ಟು ದೊಡ್ಡವನಲ್ಲ.
ಎರಡು ಗಂಟೆ ಜಗ್ಗಾಡಿ ಬರೆಸಿದೆ:
ವಾಲ್ವು ಅವನ ಖರ್ಚು, ಕೂಲಿ ಇಲ್ಲ,
ಹಗಲಲ್ಲೇ ಜೋಡಿಸಬೇಕು, ಈ ಹುಡುಗನೇ ಜೋಡಿಸಬೇಕು.
ಹುಡುಗನ ಸಂಬಳದಲ್ಲಿ ಮುರಿಯಬಾರದು ಎಂದೂ ಬರೆಸಿದೆ.
ಅದೊಂದನ್ನು ಶಿವನಂಜು ಪೆನ್ಸಿಲ್ಲಿನಲ್ಲಿ ಬರೆದ.

ಬಾಗಿದ ವಾಲ್ವೊಂದು ಜೇಬಿಗೆ ಹಾಕಿಕೊಂಡು
ಸಿಟಿ ಬಸ್ಸಿನಲ್ಲಿ ನಿಂತೇ ಬಂದೆ.
ಈಗ ಫ್ಯಾನಿನ ಗಾಳಿಗೆ ಕಟಿಂಗ್ ಪೇಪರು ಹಾರದಂತೆ
ಅದೇ ಮೇಲೆ ಕೂತಿರುತ್ತದೆ.
ಅಳತೆ ಪುಸ್ತಕದ ಹಳೇ ಪುಟದಲ್ಲಿ
ಎದೆ ಮೂವತ್ತನಾಲ್ಕು, ತೋಳು ಹತ್ತೂವರೆ, ಕೆಳಗೆ ಅವಳ ನಂಬರು.
ಎರಡು ಸಲ ಒತ್ತಿ, ರಿಂಗಾಗುವ ಮುಂಚೆಯೇ ಕತ್ತರಿಸಿದೆ.

ಹೇಳುವ ಮಾತು ಹೊರಟಿದೆ ಅಮ್ಮಾ.
ದಿಂಬಂ ಹತ್ತಿರ ಎಲ್ಲೋ ಇರಬೇಕು.