ಹತ್ತನೆಯ ಕಾಲಂ

ಅಲೆವೂರಿನ ಪಾದೆಯ ಮೇಲೆ ಏಳು ಮನೆ.
ಆರು ಮುಗಿಸುವಷ್ಟರಲ್ಲಿ ನೀರಿನ ಬಾಟಲಿ ಖಾಲಿ,
ಚಪ್ಪಲಿಯ ಬಾರು ಕಿತ್ತು ಕೈಗೆ ಬಂದಿತ್ತು.
ಏಳನೆಯದರಲ್ಲಿ ತನಿಯಾರು. ವಯಸ್ಸು ಎಪ್ಪತ್ತೋ ಎಂಬತ್ತೋ,
ಹುಟ್ಟಿದ್ದು ಶನಿವಾರ, ಅಷ್ಟು ಖಾತ್ರಿ.
ಜಗಲಿಯಲ್ಲಿ ಕೂತು ಬುಟ್ಟಿಗೆ ಬುಡ ಹಾಕುತ್ತಿದ್ದಳು.

ಮಾತೃಭಾಷೆ?
"ತುಳು ಪಂದ್ ಬರೆಲೆ ಟೀಚರೇ."
ಬರೆದೆ. ಹೇಳಿದ್ದನ್ನಷ್ಟೇ ಬರೆಯಬೇಕು,
ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದರು.
ಒಳಗಿಂದ ಸೊಸೆ: ಸುಪ್ರೀತಂದು ಕನ್ನಡ ಅಂತ ಹಾಕಿ,
ಶಾಲೆಯಲ್ಲಿ ಹಾಗೇ ಉಂಟು.
ಅದನ್ನೂ ಬರೆದೆ.

ಅಷ್ಟರಲ್ಲಿ ಒಂದು ಬಿಳಲು ಮುರಿಯಿತು.
ತನಿಯಾರು ಅದಕ್ಕೆ ಏನೋ ಅಂದಳು.
ತುಳುವಲ್ಲ. ತುಳುವಿನ ಬೈಗುಳ ಅಷ್ಟೂ ನನಗೆ ಬರುತ್ತದೆ,
ನನ್ನಪ್ಪ ಇಪ್ಪತ್ತು ವರ್ಷ ಬಸ್ ಕಂಡಕ್ಟರ್.
ಪೆನ್ನು ನಿಂತದ್ದು ಅವಳಿಗೆ ಕಂಡಿತು.

"ಅದು ನಿಮ್ಮ ಕಾಲಮ್ಮಿಗೆ ಬರುವಂಥದ್ದಲ್ಲ.
ಧಣಿಯ ಅಂಗಳದಲ್ಲಿ ನಿಂತು ಅಪ್ಪ ಅಮ್ಮ ಆಡುತ್ತಿದ್ದದ್ದು,
ಧಣಿಗೆ ತಿಳಿಯಬಾರದ್ದು.
ಅನ್ನ ಹಳಸಿದೆ, ಮಗುವಿಗೆ ಕೊಡಬೇಡ.
ಇವತ್ತು ಅವನ ಕಣ್ಣು ಸರಿಯಿಲ್ಲ, ಬೇಗ ಹೊರಡು.
ಯಾರಾದರೂ ಕೇಳಿದರೆ,
ನಮಗೆಂತ ಬೇರೆ ಭಾಷೆ ಒಡೆಯಾ, ನಿಮ್ಮದೇ ತುಳು."

ಒಮ್ಮೆ ಒಬ್ಬ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದನಂತೆ,
ನೀರಿಗೆ ಏನು, ಬೆಂಕಿಗೆ ಏನು, ಚಂದ್ರನಿಗೆ ಏನು.
ಅಣ್ಣ ಗುರುವ ಚಂದ್ರನಿಗೊಂದು ಹೆಸರು ಕೊಟ್ಟ.
"ಹೆಂಗಸರ ಎದುರು ಹೇಳುವಂಥದ್ದಲ್ಲ ಅದು.
ಅವನು ಬರಕೊಂಡ. ಕತ್ತಲಾಗುವವರೆಗೂ ನಕ್ಕೆವು."

ಗುರುವ ಹೋದ ಕಾರ್ತೆಲ್‌ನಲ್ಲಿ ತೀರಿಕೊಂಡ.
ಅಲ್ಲಿಯವರೆಗೆ ಕಾಪುವಿನಿಂದ ರಾತ್ರಿ ಫೋನು ಬರುತ್ತಿತ್ತು.
"ಈಗ ಬಿಳಲಿಗೆ ಬೈಯುತ್ತೇನೆ.
ಸೊಸೆಗೂ ಬೈಯುತ್ತೇನೆ, ಅವಳಿಗೆ ತಿಳಿಯುವುದಿಲ್ಲ, ಒಳ್ಳೇದಾಯಿತು."

ಮೊಮ್ಮಗಳಿಗೆ ಕಲಿಸಲಿಲ್ಲವೇ?
ತನಿಯಾರು ಬಿಳಲನ್ನು ನೀರಿನಲ್ಲಿ ಅದ್ದಿದಳು.
"ಅವಳು ಯಾರಿಂದ ಅಡಗಬೇಕು ಟೀಚರೇ?"
ಸ್ವಲ್ಪ ಹೊತ್ತು ಬಿಟ್ಟು, ಬುಟ್ಟಿಗೇ ಅನ್ನುವ ಹಾಗೆ:
"ಅಡಗಬೇಕಾಗಿ ಬಂದರೆ ಎಲ್ಲಿಗೆ ಹೋದಾಳು."

ನನ್ನ ಮನೆಯ ಫಾರಂ ಮೊನ್ನೆಯೇ ತುಂಬಿದ್ದೆ.
ನನ್ನದು ತುಳು, ಮಗನದ್ದೂ ತುಳು.
ಮಮ್ಮಿ ವಾಟರ್ ಅನ್ನುತ್ತಾನೆ ಅವನು.
ಬಾಯಾರಿಕೆಗೆ ಬೇರೆ ಪದ ಅವನ ನಾಲಿಗೆಯಲ್ಲಿ
ಇತ್ತೋ ಇಲ್ಲವೋ, ನೆನಪಾಗಲಿಲ್ಲ.
ಕಾಲಮ್ಮಿನಲ್ಲಿ ತುಳು ಅಂತ ಬರೆದ ಅಕ್ಷರ ಮಾತ್ರ
ನನ್ನದೇ, ತುಂಬ ದುಂಡಗೆ.

ಹೊರಟಾಗ ಸುಪ್ರೀತ ಜೊತೆಗೆ ಬಂದಳು,
ಒಂದು ಕೈಯಲ್ಲಿ ನನ್ನ ಹರಿದ ಚಪ್ಪಲಿ.
ಮುರಕಲ್ಲಿನ ಇಳಿಜಾರು, ಬರಿಗಾಲಿಗೆ ಕಾದ ಕಾವಲಿ.
ದಾರಿಗಡ್ಡ ಒಂದು ಕೆಂದು ನಾಯಿ ಮಲಗಿತ್ತು.
ಹುಡುಗಿ ನಿಂತಳು, ಅದಕ್ಕೆ ಏನೋ ಅಂದಳು,
ಅಜ್ಜಿಯದೇ ರಾಗ, ಕೊನೆಗೆ ಅದೇ ಒಂದು ಗುದ್ದು.

ಎಂತ ಹೇಳಿದ್ದು ನೀನು?
"ಅದಾ? ಅಜ್ಜಿ ಬಳ್ಳಿಗೆ ಹೇಳುವುದು.
ನಂಗೆ ಅರ್ಥ ಗೊತ್ತಿಲ್ಲ ಮಿಸ್."

ನಾಯಿ ಆಗಲೇ ಎದ್ದು
ಬದಿಗೆ ಸರಿದಿತ್ತು.